ಡಬ್ಬಿಯ ಮೇಲೆ 2000, ಕೆಲಸಕ್ಕೆ ಬಂದದ್ದು 100

ಒಂದೇ ಕಣ್ಣಲ್ಲಿ ನೋಡುವ ಸಾಧಾರಣ ಮೈಕ್ರೋಸ್ಕೋಪ್ ಇದು, ಶಾಲಾ ಮಕ್ಕಳಿಗೆ ಅಂತ ಮಾರುತ್ತಾರಲ್ಲ, ಅಂಥದ್ದು. ತಂದು ಆರು ತಿಂಗಳಾಯಿತು. ಕಂಪನಿ ಹೆಸರು ಬೇಡ, ಇದೇ ಅಚ್ಚಿನದ್ದು ಹತ್ತಾರು ಹೆಸರಲ್ಲಿ ಸಿಗುತ್ತದೆ.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 2000 ಪಟ್ಟು ಅಂತ ಇದೆ. ಮೊದಲು ಅದರ ಕಥೆ ಹೇಳಿಬಿಡುತ್ತೇನೆ. ಕೆಳಗೆ ಸ್ಲೈಡಿನ ಕಡೆಗೆ 4, 10, 40 ಪಟ್ಟಿನ ಮೂರು ಲೆನ್ಸ್ (ಆಬ್ಜೆಕ್ಟಿವ್), ಮೇಲೆ ಕಣ್ಣಿಡುವ ಕಡೆ ಹಾಕಲು 10 ಮತ್ತು 25ರ ಎರಡು ಐಪೀಸ್. 40ಕ್ಕೆ 25 ಗುಣಿಸಿದರೆ 1000, ನಡುವೆ ಸಿಕ್ಕಿಸಲು ಕೊಟ್ಟಿರುವ ಬಾರ್ಲೋ ಲೆನ್ಸ್ ಅದನ್ನು ಇಮ್ಮಡಿ ಮಾಡಿದರೆ 2000. ಲೆಕ್ಕ ಸರಿಯಾಗಿಯೇ ಇದೆ, ಕಾಣುವುದು ಮಾತ್ರ ಮಂಜು. 40ರ ಲೆನ್ಸಿನ ಮೈಮೇಲೆ ಪುಟ್ಟದಾಗಿ 0.65 ಅಂತ ಬರೆದಿರುತ್ತದೆ ನೋಡಿ, ಲೆನ್ಸ್ ಎಷ್ಟು ಸೂಕ್ಷ್ಮ ವಿವರ ಬಿಡಿಸಿ ತೋರಿಸಬಲ್ಲದು ಅಂತ ಹೇಳುವ ಅಸಲಿ ಸಂಖ್ಯೆ ಅದು. ಅದನ್ನು 1000ದಿಂದ ಗುಣಿಸಿದರೆ 650. ಅದರಾಚೆ ಎಷ್ಟು ಹಿಗ್ಗಿಸಿದರೂ ಹೊಸದೇನೂ ಕಾಣುವುದಿಲ್ಲ, ಇದ್ದ ಮಸುಕೇ ದೊಡ್ಡದಾಗುತ್ತದೆ. ತಪ್ಪು ಲೆನ್ಸಿನದ್ದಷ್ಟೇ ಅಲ್ಲ, ಬೆಳಕಿನ ಸ್ವಭಾವವೇ ಹಾಗೆ ಅಂತ ಜರ್ಮನ್ ಭೌತವಿಜ್ಞಾನಿ ಅರ್ನ್ಸ್ಟ್ ಅಬೆ 1873ರಲ್ಲೇ ಹೇಳಿಯಾಗಿದೆ. 25ರ ಐಪೀಸೂ ಬಾರ್ಲೋನೂ ಈಗ ಡ್ರಾಯರಿನಲ್ಲಿ ಮಲಗಿವೆ.

ಆದರೆ 4 ಮತ್ತು 10ರ ಲೆನ್ಸ್ ಇದಾವಲ್ಲ, ಅವು ನಿಜಕ್ಕೂ ಚೆನ್ನಾಗಿವೆ. ಹೂದಾನಿಯಲ್ಲಿ ವಾರದಿಂದ ಉಳಿದಿದ್ದ ನೀರನ್ನು ಒಂದು ಹನಿ ಹಾಕಿ 100 ಪಟ್ಟಿನಲ್ಲಿ ನೋಡಿದೆ. ಪಾಠದಲ್ಲಿ ಓದಿದ್ದ ಚಪ್ಪಲಿಯಾಕಾರದ ಪ್ಯಾರಮೀಸಿಯಂ ಸರ್ರನೆ ಹಾದುಹೋಯಿತು. ಹಿಂದೆ ಬೀಳೋಣ ಅಂತ ಸ್ಲೈಡನ್ನು ಬಲಕ್ಕೆ ತಳ್ಳಿದರೆ ಚಿತ್ರ ಎಡಕ್ಕೆ ಓಡುತ್ತದೆ! ಕೈಗೆ ಅದು ಅಭ್ಯಾಸವಾಗಲು ಎರಡು ದಿನ ಬೇಕಾಯಿತು. ಅದೇ ಹನಿಯ ಅಂಚಿನಲ್ಲಿ, ಕೊಳೆತ ಎಲೆಯ ಚೂರಿಗೆ ಅಂಟಿಕೊಂಡು ಒಂದಷ್ಟು ವರ್ಟಿಸೆಲ್ಲಾ ಎಂಬ ಏಕಕೋಶ ಜೀವಿಗಳು ಇದ್ದವು. ಪುಟಾಣಿ ಗಂಟೆಗೆ ದಾರ ಕಟ್ಟಿದ ಹಾಗೆ. ಮಗಳು ಸುಮ್ನೆ ಮೇಜು ತಟ್ಟಿದಳು, ಅಷ್ಟೂ ಒಟ್ಟಿಗೆ ಚಕ್ ಅಂತ ಸ್ಪ್ರಿಂಗಿನಂತೆ ಮುದುರಿಕೊಂಡವು, ಆಮೇಲೆ ಒಂದೊಂದೇ ನಿಧಾನವಾಗಿ ಬಿಚ್ಚಿಕೊಂಡವು. ಆ ಸಂಜೆ ಮೇಜು ಎಷ್ಟು ಸಲ ತಟ್ಟಿಸಿಕೊಂಡಿತೋ ಲೆಕ್ಕವಿಲ್ಲ.

ಕೈಪಿಡಿಯಲ್ಲಿ ಒಂದು ಮಾತೂ ಇಲ್ಲದ ಸಂಗತಿ ಅಂದರೆ ಸ್ಲೈಡ್ ಇಡುವ ಸ್ಟೇಜಿನ ಕೆಳಗಿರುವ ಡಯಾಫ್ರಾಮ್, ಬೆಳಕು ಬರುವ ರಂಧ್ರವನ್ನು ಹಿರಿದು ಕಿರಿದು ಮಾಡುವಂಥದ್ದು. ಮೊದಲ ವಾರ ಕೆನ್ನೆಯ ಒಳಭಾಗ ಕೆರೆದು ಸ್ಲೈಡ್ ಮಾಡಿ ಮಾಡಿ ಸಾಕಾಯಿತು, ಬರೀ ಬಿಳಿ ಬೆಳಕು. ಬೆಳಕು ಸಾಲದೇನೋ ಅಂತ ಎಲ್‌ಇಡಿಯನ್ನು ಇನ್ನೂ ಜಾಸ್ತಿ ಮಾಡಿದ್ದೆ ಬೇರೆ! ಮಾಡಬೇಕಾದ್ದು ತದ್ವಿರುದ್ಧ. ಡಯಾಫ್ರಾಮಿನ ಪುಟ್ಟ ಕಡ್ಡಿಯನ್ನು ಸ್ವಲ್ಪ ಸರಿಸಿ ರಂಧ್ರ ಕಿರಿದು ಮಾಡಿದ್ದೇ ತಡ, ಮಡಚಿದ ಪ್ಲಾಸ್ಟಿಕ್ ಹಾಳೆಯಂಥ ಜೀವಕೋಶಗಳು, ಪ್ರತಿಯೊಂದರ ನಡುವೆ ಒಂದು ಚುಕ್ಕೆ, ಅದೇ ಕೋಶಕೇಂದ್ರ. ಒಂದು ಹನಿ ಮೆಥಿಲೀನ್ ಬ್ಲೂ ಬಿಟ್ಟರೆ ಆ ಚುಕ್ಕೆ ಕಡುನೀಲಿಯಾಗಿ ಎದ್ದು ಕಾಣುತ್ತದೆ.

ಬೈಯಬೇಕಾದ್ದೂ ಇದೆ. ಫೋಕಸ್ ಮಾಡಿ ಕೈಬಿಟ್ಟರೆ ಸ್ಟೇಜ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಗುಬುಟಿನ ಬುಡದ ಬಳೆ ಬಿಗಿ ಮಾಡಿದ ಮೇಲೆ ಸುಮಾರಾಗಿ ನಿಂತಿತು. ಜೊತೆಗೆ ಕೊಟ್ಟ ಸಿದ್ಧ ಸ್ಲೈಡುಗಳು ದಂಡ, ನೊಣದ ಕಾಲಿನ ಮೇಲೆ ಗಾಳಿಗುಳ್ಳೆ ಕೂತಿದೆ. ಸ್ಲೈಡಿನ ಮೇಲಿನ ಹನಿಗೆ ಮುಚ್ಚುವ ತೆಳು ಬಿಲ್ಲೆ, ಅಂದರೆ ಕವರ್ ಸ್ಲಿಪ್, ಪ್ಲಾಸ್ಟಿಕ್ಕಿನವು. 40ರ ಲೆನ್ಸ್ ಮಾಡಿರುವುದೇ 0.17 ಮಿಲಿಮೀಟರ್ ದಪ್ಪದ ಗಾಜಿಗೆ, ಹಾಗಾಗಿ ಗಾಜಿನವನ್ನು ಬೇರೆ ತಂದುಕೊಳ್ಳಿ. ತಂದ ಮೇಲೆ ನನ್ನ ಹಾಗೆ ದೊಡ್ಡ ಗುಬುಟು ತಿರುಗಿಸಿ ಲೆನ್ಸಿನಿಂದ ಅವನ್ನು ಒಡೆಯಬೇಡಿ. 4ರಲ್ಲಿ ಶುರು ಮಾಡಿ, 40ಕ್ಕೆ ಹೋದ ಮೇಲೆ ಸಣ್ಣ ಗುಬುಟು ಮಾತ್ರ ಮುಟ್ಟಿ.

ಅರ್ಧ ಗಂಟೆ ಒಂದು ಕಣ್ಣು ಮುಚ್ಚಿ ನೋಡಿದರೆ ತಲೆ ಹಿಡಿಯುತ್ತದೆ. ಎರಡೂ ಕಣ್ಣು ಬಿಟ್ಟುಕೊಂಡೇ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು, ಆಗದಿದ್ದರೆ ಇನ್ನಷ್ಟು ದುಡ್ಡು ಕೂಡಿಸಿ ಎರಡು ಕಣ್ಣಿನದ್ದನ್ನೇ ತಗೊಳ್ಳಿ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಆ ಅರ್ಧ ವರ್ಟಿಸೆಲ್ಲಾಗೆ.