ರಾತ್ರಿ ಕಂಪ್ಯೂಟರ್ ಚಾಲೂ ಇಡ್ರಿ, ರೊಕ್ಕಾ ಕೊಡ್ತೇವಿ ಅಂತ ಯಾರರ ಬಂದ್ರ ಹುಷಾರ್ ರೀ

ಗದಗದಾಗ ನಂದೊಂದು ಸಣ್ಣ ಡಿಟಿಪಿ ಅಂಗಡಿ ಐತ್ರಿ, ಮೂರು ಕಂಪ್ಯೂಟರ್, ಲಗ್ನಪತ್ರಿಕೆ, ಬಿಲ್ ಬುಕ್ಕು, ಹ್ಯಾಂಡ್‌ಬಿಲ್ಲು ಇಂಥಾವು. ಮಾರ್ಚ್‌ದಾಗ ಒಬ್ಬ ಹುಡುಗ ಬಂದ, ಇಸ್ತ್ರಿ ಅಂಗಿ, ಕೊಳ್ಳಾಗ ಐಡಿ ಕಾರ್ಡು. "ಅಣ್ಣಾರ, ರಾತ್ರಿ ನಿಮ್ ಮಷೀನ್ ಸುಮ್ನ ಕುಂತಿರ್ತಾವ, ಚಾಲೂ ಇಟ್ಟ್ ಹೋಗ್ರಿ, ಕ್ಯಾನ್ಸರ್ ಔಷಧ ಹುಡುಕೋ ಸಂಶೋಧನಾಕ್ಕ ಅವು ಲೆಕ್ಕಾ ಮಾಡ್ತಾವ, ಮಷೀನಿಗೆ ತಿಂಗಳಾ 1,500 ರೂಪಾಯಿ ನಿಮಗ" ಅಂದ.

ನಾ ಯಾಕ ನಂಬಿದೆ ಅಂದ್ರ ಇದು ಪೂರ್ತಿ ಸುಳ್ಳಲ್ರಿ. ಹುಬ್ಬಳ್ಳ್ಯಾಗ ಕಲಿಯೋವಾಗ ರೂಮ್‌ಮೇಟ್ ಕಂಪ್ಯೂಟರ್‌ದಾಗ ಬ್ಯಾರೆ ಗ್ರಹದ ಜೀವಿಗಳ ಸಿಗ್ನಲ್ ಹುಡುಕೋ ಸೆಟಿ ಅಟ್ ಹೋಮ್ ಸ್ಕ್ರೀನ್‌ಸೇವರ್ ಓಡ್ತಿತ್ತು, ಬಣ್ಣಬಣ್ಣದ ಗ್ರಾಫು, ರಾತ್ರಿ ನಿದ್ದಿ ಬರ್ದಿದ್ರ ಅದನ್ನ ನೋಡ್ಕೋತ ಬಿದ್ದಿರತಿದ್ದೆ. ಬರ್ಕ್ಲಿ ಯುನಿವರ್ಸಿಟಿಯವ್ರು 1999ರಾಗ ಶುರು ಮಾಡಿದ್ದು, ಅರೆಸಿಬೋ ರೇಡಿಯೋ ಟೆಲಿಸ್ಕೋಪಿನ ಡೇಟಾನ ತುಂಡುತುಂಡು ಮಾಡಿ ಮಂದಿ ಮನಿ ಕಂಪ್ಯೂಟರಿಗೆ ಕಳಸ್ತಿದ್ರು, ಒಂದ ತುಂಡನ್ನ ಒಬ್ಬರಕಿಂತ ಹೆಚ್ಚು ಮಂದಿಗೆ ಕೊಟ್ಟು ಉತ್ರ ತಾಳಿ ಹಾಕಿ ನೋಡ್ತಿದ್ರು. 2020ರ ಮಾರ್ಚ್ ಕಡೀಕ ಹೊಸಾ ತುಂಡು ಕಳಸೂದು ನಿಲ್ಲಿಸಿದ್ರು. ಅದ ಹೊತ್ತಿಗೆ ಕೊರೊನಾ, ರೋಗದ ಪ್ರೋಟೀನ್ ಲೆಕ್ಕಾ ಮಾಡೋ ಇಂಥಾದ ಫೋಲ್ಡಿಂಗ್ ಅಟ್ ಹೋಮಿಗೆ ಜನ ಹೆಂಗ ಮುಗಿಬಿದ್ರು ಅಂದ್ರ ಎಲ್ಲಾರ ಮಷೀನ್ ಕೂಡಿ ಸೆಕೆಂಡಿಗೆ ಒಂದರ ಮುಂದ 18 ಸೊನ್ನಿಯಷ್ಟು ಲೆಕ್ಕಾ ದಾಟಿತು, ಆಗಿನ ಯಾವ ಸೂಪರ್ ಕಂಪ್ಯೂಟರಿಗೂ ಅಷ್ಟು ಆಗ್ತಿದ್ದಿಲ್ಲ. ಆದ್ರ ಇವ್ರು ಮನಿ ಬಾಗಿಲಿಗೆ ಬರೂದಿಲ್ಲ, ರೊಕ್ಕಾನೂ ಕೇಳೂದಿಲ್ಲ. ಕೊಡೂದು ಪಾಯಿಂಟು, ಅದ್ರಾಗ ಅರ್ಧಾ ಕಿಲೋ ಖಾರಪುಡಿನೂ ಬರೂದಿಲ್ಲ.

ಇವ ಕೇಳಿದ. ಡಿಪಾಸಿಟ್ ಅಂತ ಮಷೀನಿಗೆ 2,000, ಒಟ್ಟ 6,000. ಸಾಫ್ಟ್‌ವೇರ್ ಹಾಕೂ ಮುಂದ ಆಂಟಿವೈರಸ್ ಬಂದ್ ಮಾಡಿದ, "ಅದು ಸುಮ್ನ ತಪ್ಪ್ ತಿಳ್ಕೋತೈತ್ರಿ" ಅಂದ, ನಾನೂ ಹೂಂ ಅಂದೆ. ಅಲ್ಲೇ ಏಳಬೇಕಿತ್ತು ನಾ.

ಏಪ್ರಿಲ್, ಲಗ್ನದ ಸೀಜನ್ನು, ಮೊದ್ಲ ಬಿಸ್ಲು. ಹಗಲತ್ನಾಗೂ ಕೋರಲ್ ಡ್ರಾ ತೆಗದ್ರ ಮೌಸ್ ಮಲ್ಕೋತಿತ್ತು, ಗಣಪ್ಪನ ಚಿತ್ರ ಸರಸಾಕ ಅರ್ಧಾ ನಿಮಿಷ, ಗಿರಾಕಿ ಮಗ್ಗಲಕ್ಕ ನಿಂತು ಗಡಿಯಾರ ನೋಡಾಂವ. ಫ್ಯಾನ್ ಹಿಟ್ಟಿನ ಗಿರಣಿ ಹಂಗ ಸಪ್ಪಳಾ. ಏನೈತಿ ಅಂತ ಟಾಸ್ಕ್ ಮ್ಯಾನೇಜರ್ ತೆಗದ್ರ ಫ್ಯಾನ್ ಒಮ್ಮಿಗೆ ಶಾಂತ, ಸಿಪಿಯು 4 ಪರ್ಸೆಂಟು. ಮುಚ್ಚಿದ್ರ ಒಂದ್ ನಿಮಿಷದಾಗ ಮತ್ತ ಗಿರಣಿ ಚಾಲೂ. ತೆಗದೆ, ಮುಚ್ಚಿದೆ, ತೆಗದೆ, ಕಳ್ಳ ಲೈಟ್ ಹಾಕಿದಾಗಷ್ಟ ಸುಮ್ನ ಕುಂತಂಗ.

ಧಾರವಾಡದಾಗ ಇಂಜಿನಿಯರಿಂಗ್ ಓದೋ ನಮ್ ಅಕ್ಕನ ಮಗ ಬಂದು ನೋಡಿ ನಕ್ಕ. "ಮಾಮಾ, ಎಲ್ಲೀ ಕ್ಯಾನ್ಸರ್ ತಂದಿ, ಇದು ಮೊನೇರೋ ಮೈನಿಂಗು" ಅಂದ. ಮೊನೇರೋ ಅಂದ್ರ ಬಿಟ್‌ಕಾಯಿನ್ ಹಂಗ ಒಂದು ಡಿಜಿಟಲ್ ನಾಣ್ಯ, ಕಂಪ್ಯೂಟರ್‌ಲೆ ಲೆಕ್ಕಾ ಮಾಡಿಸಿ ಅದನ್ನ ಗಳಸೂದ ಮೈನಿಂಗು. ಬಿಟ್‌ಕಾಯಿನ್ ತೆಗ್ಯಾಕ ಬ್ಯಾರೆ ಮಷೀನ್ ಬೇಕಂತ, ಈ ಮೊನೇರೋ ನಮ್ಮಂಥ ಸಾದಾ ಕಂಪ್ಯೂಟರ್‌ದಾಗೂ ಆಕ್ಕೈತಂತ, ಅದಕ್ಕ ಕಳ್ರಿಗೆ ಇದ ಬೇಕು. ಕಾಯಿನ್ ಯಾರದೋ ವ್ಯಾಲೆಟ್ಟಿಗೆ, ಕರೆಂಟ್ ಬಿಲ್ ನನಗ, 1,900 ಬರೂದು 4,700 ಬಂತು. ಹುಡುಗನ ಫೋನ್ ಸ್ವಿಚ್ ಆಫ್.

ಸೈಬರ್ ಕ್ರೈಂ ಸಹಾಯವಾಣಿ 1930ಕ್ಕ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟೇನಿ, ಮೂರೂ ಮಷೀನ್ ಫಾರ್ಮ್ಯಾಟ್ ಹೊಡ್ಸಿ ಪಾಸ್‌ವರ್ಡ್ ಎಲ್ಲಾ ಬದಲ್ ಮಾಡೇನಿ. ಖರೇನ ಕಂಪ್ಯೂಟರ್ ದಾನಾ ಮಾಡೂ ಮನಸಿದ್ರ ಬೋಯಿಂಕ್ (ಇಂಥಾ ಸಂಶೋಧನಾದ ಲೆಕ್ಕಾ ಓಡಸೋ ಸಾಫ್ಟ್‌ವೇರು) ಇಲ್ಲಾ ಫೋಲ್ಡಿಂಗ್ ಅಟ್ ಹೋಮ್ ಅವರವರ ಸೈಟಿನಿಂದನ ನೀವ ಇಳಿಸ್ಕೋರಿ, ಫುಕಟ್ ಐತಿ, ಎಷ್ಟ್ ಸಿಪಿಯು ಕೊಡಬೇಕು ಅನ್ನೂದೂ ನಿಮ್ ಕೈಯಾಗ ಇರತೈತಿ, ಆದ್ರ ಕರೆಂಟ್ ಖರ್ಚು ನಿಮ್ದ.

ರಾಣೇಬೆನ್ನೂರು, ಹಾವೇರಿ ಕಡೆ ಡಿಟಿಪಿ ಅಂಗಡಿಯವ್ರು ಯಾರರ ಪರಿಚಯ ಇದ್ರ ಇದನ್ನ ಕಳಸ್ರಿ, ನಮ್ಮಲ್ಲೆ ಕುಂತು ಚಾ ಕುಡಕೋತ "ಮುಂದಿನ ವಾರ ಆ ಕಡೆ ಹೊಂಟೇನ್ರಿ ಅಣ್ಣಾರ" ಅಂದಿದ್ದ.