‘ಮ್ಯಾಕ್‌ಬೆತ್’ ಓದುವವರಿಗೆ ಲಿಟ್‌ಚಾರ್ಟ್ಸ್ ಎಷ್ಟು ನೆರವಾಗುತ್ತದೆ?

ಇಂಗ್ಲಿಷ್ ಸಾಹಿತ್ಯ ಓದುವ ಬಿ.ಎ., ಎಂ.ಎ. ವಿದ್ಯಾರ್ಥಿಗಳ ಮೊಬೈಲಿನಲ್ಲಿ ಸಾಮಾನ್ಯವಾಗಿ ಕಾಣುವ, ಕೃತಿಗಳ ಸಾರಾಂಶ ಮತ್ತು ವಿಶ್ಲೇಷಣೆ ಕೊಡುವ ತಾಣಗಳು ಎರಡು: ಸ್ಪಾರ್ಕ್‌ನೋಟ್ಸ್ ಮತ್ತು ಲಿಟ್‌ಚಾರ್ಟ್ಸ್. ಮೊದಲನೆಯದನ್ನು 1999ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳು ಶುರುಮಾಡಿದರು. ಎರಡನೆಯದನ್ನು ಕಟ್ಟಿದ್ದು ಸ್ಪಾರ್ಕ್‌ನೋಟ್ಸ್‌ನ ಮೊದಲ ಸಂಪಾದಕರು. ಇಲ್ಲಿ ಲಿಟ್‌ಚಾರ್ಟ್ಸನ್ನು ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಒಂದನ್ನೇ ಇಟ್ಟುಕೊಂಡು ಒರೆಗೆ ಹಚ್ಚಿದ್ದೇನೆ. ಹೆಂಡತಿಯ ಕುಮ್ಮಕ್ಕಿನಿಂದ ರಾಜನನ್ನು ಕೊಂದು ಪಟ್ಟವೇರುವ ಸೇನಾನಿಯ ಕಥೆ ಇದು, ಶೇಕ್ಸ್‌ಪಿಯರನ ದುರಂತ ನಾಟಕಗಳಲ್ಲೆಲ್ಲ ಚಿಕ್ಕದು. ತಾಣ ಹೇಳಿದ್ದನ್ನು ಮೂಲದ ಜೊತೆ ತಾಳೆ ನೋಡುವುದು ಸುಲಭ. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಥೀಮ್‌ಗಳ, ಅಂದರೆ ನಾಟಕದುದ್ದಕ್ಕೂ ಹರಿಯುವ ಮುಖ್ಯ ವಿಚಾರಗಳ, ಎಳೆ ಹಿಡಿಯಲು ಬಲು ಒಳ್ಳೆಯ ಸಾಧನ. ಸಂಕೇತಗಳಿಗೂ ಅದನ್ನೇ ನಂಬಿ ಕೂತರೆ ಉತ್ತರ ಸೊರಗುತ್ತದೆ.

ಪ್ರತಿ ದೃಶ್ಯಕ್ಕೂ ಎರಡು ಕಾಲಂ. ಎಡಗಡೆ ಕಥೆಯ ಸಾರಾಂಶ, ಬಲಗಡೆ ಅದೇ ಭಾಗದ ವಿಶ್ಲೇಷಣೆ, ಪಕ್ಕದಲ್ಲಿ ಥೀಮ್ ಸೂಚಿಸುವ ಬಣ್ಣದ ಗುರುತುಗಳು. ‘ಮ್ಯಾಕ್‌ಬೆತ್’ಗೆ ಐದು ಥೀಮ್‌ಗಳನ್ನು ಕೊಟ್ಟಿದ್ದಾರೆ: ಮಹತ್ವಾಕಾಂಕ್ಷೆ, ವಿಧಿ, ಹಿಂಸೆ, ಪ್ರಕೃತಿ ಮತ್ತು ವಿಕೃತಿ, ಗಂಡಸುತನ. ಯಾವ ಥೀಮ್ ಯಾವ ದೃಶ್ಯದಲ್ಲಿ ಎಷ್ಟು ದಟ್ಟವಾಗಿದೆ ಎಂದು ತೋರಿಸುವ ಪಟ್ಟಿಯೂ ಇದೆ. ಅದರ ಮೇಲೆ ಒತ್ತಿದರೆ ನೇರ ಆ ದೃಶ್ಯಕ್ಕೆ ಹೋಗುತ್ತೀರಿ.

ಈ ವ್ಯವಸ್ಥೆಯ ಬಲ ಗೊತ್ತಾಗುವುದು ಗಂಡಸುತನದ ಎಳೆ ಹಿಡಿದಾಗ. 1ನೇ ಅಂಕದ 7ನೇ ದೃಶ್ಯದಲ್ಲಿ, ಗಂಡಸಿಗೆ ತಕ್ಕದ್ದೆಲ್ಲವನ್ನೂ ಮಾಡುವ ಧೈರ್ಯ ನನಗಿದೆ, ಅದನ್ನು ಮೀರಿದವನು ಗಂಡಸೇ ಅಲ್ಲ ಎನ್ನುತ್ತಾನೆ ಮ್ಯಾಕ್‌ಬೆತ್. ಲೇಡಿ ಮ್ಯಾಕ್‌ಬೆತ್ ಅದನ್ನೇ ತಿರುಗಿಸಿ ಅವನನ್ನು ಚುಚ್ಚುತ್ತಾಳೆ. 3ನೇ ಅಂಕದ ಮೊದಲ ದೃಶ್ಯಕ್ಕೆ ಬನ್ನಿ: ಬಾಡಿಗೆ ಕೊಲೆಗಾರರು ‘ನಾವೂ ಗಂಡಸರೇ’ ಎಂದಾಗ, ಬೇಟೆನಾಯಿಯೂ ಬೀದಿನಾಯಿಯೂ ಪಟ್ಟಿಯಲ್ಲಿ ನಾಯಿಯೇ ಎಂದು ಅವನೇ ಈಗ ಅವರನ್ನು ಚುಚ್ಚುತ್ತಾನೆ. ಹೆಂಡತಿಯ ಅಸ್ತ್ರ ಗಂಡನ ಕೈಗೆ ಬಂದಿದೆ! ಅದೇ ಅಂಕದ 4ನೇ ದೃಶ್ಯದ ಔತಣದಲ್ಲಿ ಅವಳು ‘ನೀನು ಗಂಡಸಾ?’ ಎಂದು ಮತ್ತೆ ಕೇಳುತ್ತಾಳೆ. ಕೊನೆಗೆ 4ನೇ ಅಂಕದ 3ನೇ ದೃಶ್ಯ. ಹೆಂಡತಿ ಮಕ್ಕಳು ಸತ್ತ ಸುದ್ದಿ ಕೇಳಿದ ಸರದಾರ ಮ್ಯಾಕ್‌ಡಫ್‌ಗೆ ಗಂಡಸಿನಂತೆ ಎದುರಿಸು ಎನ್ನುತ್ತಾನೆ ಕೊಲೆಯಾದ ರಾಜನ ಮಗ ಮಾಲ್ಕಂ. ಎದುರಿಸುತ್ತೇನೆ, ಆದರೆ ಗಂಡಸಾಗಿಯೇ ಈ ನೋವನ್ನು ಅನುಭವಿಸಲೂ ಬೇಕು ಎನ್ನುತ್ತಾನೆ ಮ್ಯಾಕ್‌ಡಫ್. ಇಡೀ ನಾಟಕದಲ್ಲಿ ಆ ಪದದ ಅರ್ಥ ಸರಿಯಾದ ಜಾಗಕ್ಕೆ ಬಂದು ನಿಲ್ಲುವುದು ಈ ಒಂದು ಮಾತಿನಲ್ಲಿ. ಬಣ್ಣದ ಗುರುತು ಹಿಡಿದು ಹೋದರೆ ಈ ನಾಲ್ಕೂ ಜಾಗಗಳು ಬೇಗ ಸಿಗುತ್ತವೆ. ಪಾತ್ರ ವಿಶ್ಲೇಷಣೆಯ ಪ್ರಶ್ನೆಗೂ ಇದೇ ಸಾಮಗ್ರಿ ಸಾಕು. ಪಾತ್ರಗಳ ಪುಟದಲ್ಲಿರುವ ಗುಣವಿಶೇಷಣಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಮಹತ್ವಾಕಾಂಕ್ಷೆಯ ಬಣ್ಣ ಮಾತ್ರ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಈ ನಾಟಕದಲ್ಲಿ ಅದಿಲ್ಲದ ಜಾಗ ಎಲ್ಲಿದೆ?

ಇನ್ನು ಸಂಕೇತಗಳು. ಲಿಟ್‌ಚಾರ್ಟ್ಸ್ ಕೊಡುವುದು ಮೂರು: ರಕ್ತ, ನಿದ್ದೆ, ಭ್ರಮಾದೃಶ್ಯಗಳು. ಸ್ಪಾರ್ಕ್‌ನೋಟ್ಸ್ ರಕ್ತ ಮತ್ತು ಹವಾಮಾನವನ್ನಷ್ಟೇ ಸಂಕೇತ ಎಂದು ಕರೆದು, ಭ್ರಮಾದೃಶ್ಯ, ಹಿಂಸೆ, ಭವಿಷ್ಯವಾಣಿಗಳನ್ನು ಮೋಟಿಫ್ ಎಂದು ಬೇರೆ ಇಡುತ್ತದೆ. ಈ ವಿಂಗಡಣೆಯೇ ಹೆಚ್ಚು ಸರಿ. ಗಾಳಿಯಲ್ಲಿ ತೇಲುವ ಕಠಾರಿ, ಮ್ಯಾಕ್‌ಬೆತ್ ಕೊಲ್ಲಿಸಿದ ಗೆಳೆಯ ಬ್ಯಾಂಕೋನ ಪ್ರೇತ, ತೊಳೆದರೂ ಹೋಗದ ಕಲೆ, ಇವು ಮತ್ತೆ ಮತ್ತೆ ಮರಳುವ ಒಂದು ವಿನ್ಯಾಸ. ಒಂದು ವಸ್ತು ಇನ್ನೊಂದನ್ನು ಪ್ರತಿನಿಧಿಸುವ ಬಗೆಯಲ್ಲ. ಪರೀಕ್ಷೆಯಲ್ಲಿ ‘ಸಿಂಬಲಿಸಂ’ ಎಂದು ಕೇಳಿದಾಗ ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಅಂಕ ಹೋಗುವುದು ಇಲ್ಲೇ.

ಅದಕ್ಕಿಂತ ದೊಡ್ಡ ಕೊರತೆ ಬಟ್ಟೆಯದು. ವಿಮರ್ಶಕಿ ಕ್ಯಾರೊಲಿನ್ ಸ್ಪರ್ಜನ್ 1935ರಲ್ಲೇ ಈ ನಾಟಕದ ಉಡುಪಿನ ಪ್ರತಿಮೆಗಳನ್ನು (ಇಮೇಜರಿ) ಗುರುತಿಸಿದ್ದರು, ಆದರೆ ಎರಡೂ ತಾಣಗಳ ಸಂಕೇತಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಮೂಲದಲ್ಲಿ ನೋಡಿ. 1ನೇ ಅಂಕದ 3ನೇ ದೃಶ್ಯದಲ್ಲಿ ಕಾಡರ್‌ನ ಸರದಾರ ಪದವಿ ಬಂತೆಂದಾಗ, ಎರವಲು ನಿಲುವಂಗಿ ನನಗೇಕೆ ತೊಡಿಸುತ್ತೀರಿ ಎಂದು ಮ್ಯಾಕ್‌ಬೆತ್ ಕೇಳುತ್ತಾನೆ. ಹೊಸ ಬಟ್ಟೆ ಮೈಗೆ ಹೊಂದಲು ಬಳಕೆಯಾಗಬೇಕು ಎಂದು ಬ್ಯಾಂಕೋ ಅಲ್ಲೇ ಸೇರಿಸುತ್ತಾನೆ. 7ನೇ ದೃಶ್ಯದಲ್ಲಿ, ಜನ ಕೊಟ್ಟ ಹೊಸ ಮಾನವನ್ನು ಅದರ ಹೊಳಪು ಇರುವಾಗಲೇ ತೊಡಬೇಕು ಎಂದು ಮ್ಯಾಕ್‌ಬೆತ್ ಹೇಳಿದರೆ, ನೀನು ತೊಟ್ಟಿದ್ದ ಆಸೆ ಕುಡಿದಿತ್ತೇ ಎಂದು ಹೆಂಡತಿ ಕೇಳುತ್ತಾಳೆ. 2ನೇ ಅಂಕದ 4ನೇ ದೃಶ್ಯದಲ್ಲಿ ಹಳೆಯ ನಿಲುವಂಗಿಯೇ ಹೊಸದಕ್ಕಿಂತ ಹಿತವಾಗಿತ್ತು ಎನ್ನುವಂತಾಗದಿರಲಿ ಎಂಬ ಆತಂಕ ಮ್ಯಾಕ್‌ಡಫ್‌ನದು. 5ನೇ ಅಂಕದ 2ನೇ ದೃಶ್ಯದಲ್ಲಿ ಮ್ಯಾಕ್‌ಬೆತ್‌ನ ವಿರುದ್ಧ ನಿಂತ ಸರದಾರ ಆಂಗಸ್ ಹೇಳುತ್ತಾನೆ: ಕುಳ್ಳ ಕಳ್ಳನ ಮೈಮೇಲೆ ದೈತ್ಯನ ಅಂಗಿಯಂತೆ ಪಟ್ಟ ಅವನ ಮೇಲೆ ಜೋಲಾಡುತ್ತಿದೆ. ಕದ್ದ ಸಿಂಹಾಸನದ ಮೇಲೆ ಇಷ್ಟು ಒಳ್ಳೆಯ ಪ್ರಬಂಧ ಬರೆಯಲು ರಕ್ತದಿಂದ ಆಗುವುದಿಲ್ಲ. ಶಿಶುವಿನ ಪ್ರತಿಮೆಯೂ ಹೀಗೇ ಪಟ್ಟಿಯ ಹೊರಗಿದೆ. ವಿಮರ್ಶಕ ಕ್ಲೀಂತ್ ಬ್ರೂಕ್ಸ್ 1947ರಲ್ಲಿ ಬಟ್ಟೆ ಮತ್ತು ಶಿಶುವನ್ನು ಜೋಡಿಸಿ ಬರೆದ ಪ್ರಬಂಧ ಗ್ರಂಥಾಲಯದಲ್ಲಿ ಸಿಕ್ಕರೆ ಬಿಡಬೇಡಿ.

ಈ ಕೊರತೆ ತುಂಬಲು ದುಡ್ಡು ಬೇಕಿಲ್ಲ. ಫೋಲ್ಜರ್ ಶೇಕ್ಸ್‌ಪಿಯರ್ ಗ್ರಂಥಾಲಯ ಎಲ್ಲ ನಾಟಕಗಳ ಪಠ್ಯವನ್ನೂ ತನ್ನ ತಾಣದಲ್ಲಿ ಉಚಿತವಾಗಿ ಇಟ್ಟಿದೆ, ಇಳಿಸಿಕೊಳ್ಳಲೂಬಹುದು. ಮೊದಲು ನಾಟಕವನ್ನು ಒಮ್ಮೆ ಪೂರ್ತಿ ಓದಿ. ಆಮೇಲೆ ಪಠ್ಯದಲ್ಲಿ ‘ರೋಬ್’, ‘ಗಾರ್ಮೆಂಟ್’, ‘ಡ್ರೆಸ್’ ಎಂದು ಒಂದೊಂದಾಗಿ ಹುಡುಕಿ, ಸಿಕ್ಕಿದ್ದನ್ನು ಅಂಕ, ದೃಶ್ಯ, ಯಾರು ಯಾರಿಗೆ ಹೇಳಿದ್ದು ಎಂದು ಬರೆದುಕೊಳ್ಳಿ. ಯಾರು ಹೇಳಿದ್ದು ಎಂಬುದನ್ನು ಬಿಡಲೇಬೇಡಿ: ಬಟ್ಟೆಯ ಮಾತು ಮೊದಲು ಮ್ಯಾಕ್‌ಬೆತ್‌ನದೇ, ಕೊನೆಗೆ ಅವನ ವೈರಿಗಳದು. ಹುಡುಕಾಟಕ್ಕೂ ಮಿತಿಯಿದೆ. ಅದೇ 5ನೇ ಅಂಕದಲ್ಲಿ, ಕೆರಳಿದ ತನ್ನ ಪಕ್ಷವನ್ನು ಆಳ್ವಿಕೆಯ ಸೊಂಟಪಟ್ಟಿಯೊಳಗೆ ಮ್ಯಾಕ್‌ಬೆತ್ ಬಿಗಿಯಲಾರ ಎಂದು ಇನ್ನೊಬ್ಬ ಸರದಾರ ಕೇತ್ನೆಸ್ ಹೇಳುವ ಸಾಲಿನಲ್ಲಿ ಈ ಮೂರು ಪದಗಳಲ್ಲಿ ಒಂದೂ ಇಲ್ಲ. ಅಂಥದ್ದು ಓದಿದವರಿಗೆ ಮಾತ್ರ ಸಿಗುತ್ತದೆ.

ಆಧುನಿಕ ಇಂಗ್ಲಿಷ್ ರೂಪ ಎರಡೂ ತಾಣಗಳಲ್ಲಿದೆ. ಸ್ಪಾರ್ಕ್‌ನೋಟ್ಸ್‌ನಲ್ಲಿ ‘ನೋ ಫಿಯರ್’, ಲಿಟ್‌ಚಾರ್ಟ್ಸ್‌ನಲ್ಲಿ ‘ಶೇಕ್ಸ್‌ಕ್ಲಿಯರ್’. ಕಷ್ಟದ ಸಾಲಿಗೆ ಇಣುಕಿ ನೋಡಲು ಸರಿ, ಮೂಲದ ಬದಲಿಗೆ ಓದಲು ಬೇಡ. ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುವ ದೃಶ್ಯವನ್ನೇ ತೆಗೆದುಕೊಳ್ಳಿ: ಅಲ್ಲಿಯವರೆಗೆ ಪದ್ಯದಲ್ಲಿ ಮಾತಾಡಿದವಳು ಅಲ್ಲಿ ಮುರಿದ ಗದ್ಯಕ್ಕಿಳಿಯುತ್ತಾಳೆ. ಎಲ್ಲವನ್ನೂ ಸರಳ ಗದ್ಯ ಮಾಡಿದ ಪಠ್ಯದಲ್ಲಿ ಆ ಕುಸಿತ ಕಾಣುವುದೇ ಇಲ್ಲ. ಅರ್ಥಕ್ಕಾಗಿಯೇ ಆದರೆ ಡಿ.ವಿ.ಜಿ. ಮತ್ತು ರಾಮಚಂದ್ರ ದೇವ ಅವರ ಕನ್ನಡ ಅನುವಾದಗಳಿವೆ, ನಮ್ಮವರಿಗೆ ಅವೇ ಹತ್ತಿರ.

ಸಾರಾಂಶ, ಥೀಮ್, ಪಾತ್ರಗಳ ಪುಟ ಲಿಟ್‌ಚಾರ್ಟ್ಸ್‌ನಲ್ಲಿ ಉಚಿತ. ಪಿಡಿಎಫ್ ಇಳಿಸಿಕೊಳ್ಳಲು, ಆಯ್ದ ಸಾಲುಗಳ ವಿವರಣೆ ಪೂರ್ತಿ ಓದಲು ‘ಎ ಪ್ಲಸ್’ ಚಂದಾ ಕಟ್ಟಬೇಕು. ಒಂದೇ ನಾಟಕಕ್ಕೆ ಅದು ದಂಡ. ಸೆಮಿಸ್ಟರಿನಲ್ಲಿ ಐದಾರು ಕೃತಿಗಳಿದ್ದರೆ ಮಾತ್ರ ಯೋಚಿಸಿ. ಚಂದಾ ತಾನಾಗಿ ಮುಂದುವರಿಯುವ ಬಗೆಯದು, ಬೇಕಾದ್ದನ್ನು ಇಳಿಸಿಕೊಂಡ ದಿನವೇ ರದ್ದು ಮಾಡಿ. ತಾಣದಲ್ಲಿರುವ ಸಾಲಿನ ಸಂಖ್ಯೆಗಳನ್ನು ಹಾಗೆಯೇ ಉತ್ತರಕ್ಕೆ ಇಳಿಸಬೇಡಿ. ಅವು ಒಂದು ನಿರ್ದಿಷ್ಟ ಮುದ್ರಣದವು. ಗದ್ಯದ ಸಾಲು ಪುಟದ ಅಗಲಕ್ಕೆ ತಕ್ಕಂತೆ ಮುರಿಯುವುದರಿಂದ, ದ್ವಾರಪಾಲಕನ ದೃಶ್ಯದಂಥ ಕಡೆ ನಿಮ್ಮ ಪಠ್ಯಪುಸ್ತಕದ ಸಂಖ್ಯೆ ಬೇರೆಯೇ ಇರುತ್ತದೆ. ಅಂಕ ಮತ್ತು ದೃಶ್ಯ ಬರೆದು, ಸಾಲಿನ ಸಂಖ್ಯೆಯನ್ನು ನಿಮ್ಮ ಪುಸ್ತಕದಿಂದಲೇ ತೆಗೆದುಕೊಳ್ಳಿ.