2024ರ ರಾಕ್ ಮತ್ತು ಕಂಟ್ರಿ: ಜೋಡಿ ಜೋಡಿಯಾಗಿ ಕೇಳಿದ ಆಲ್ಬಂಗಳು

2024ರಲ್ಲಿ ನನಗೆ ಹಿಡಿಸಿದ ರಾಕ್ ಮತ್ತು ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಬೇರಿನ ಸಂಗೀತ) ಆಲ್ಬಂಗಳನ್ನು ಒಂದು ಪಟ್ಟಿ ಮಾಡಿ ಅಂಕ ಹಾಕಲು ಮನಸ್ಸಾಗಲಿಲ್ಲ. ಜೋಡಿ ಮಾಡಿ ಕೇಳಿದೆ. ಒಂದು ಆಲ್ಬಂ ಮೊದಲಿಂದ ಕೊನೆಯವರೆಗೆ, ಯಾವ ಹಾಡನ್ನೂ ಹಾರಿಸದೆ. ಅದು ಮುಗಿದ ಕೂಡಲೇ ಅದರ ಎದುರಾಳಿ. ಹೀಗೆ ಕೇಳುತ್ತಾ ಹೋದಂತೆ ಒಂದು ವಿಷಯ ಖಚಿತವಾಯಿತು: ಆ ವರ್ಷ ನನ್ನನ್ನು ಗೆದ್ದವರು ಕಡಿಮೆ ಹಾಡು ಇಟ್ಟು, ಇಟ್ಟ ಹಾಡಿಗೆ ಬೇಕಾದಷ್ಟು ಹೊತ್ತು ಕೊಟ್ಟವರು.

ರಾಕ್‌ನಿಂದಲೇ ಶುರು ಮಾಡುತ್ತೇನೆ. ನವೆಂಬರ್ 1ರಂದು ಬ್ರಿಟನ್ನಿನ ದಿ ಕ್ಯೂರ್ ತಂಡದ 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್' ಬಂತು. 2008ರ ಬಳಿಕ ಅವರ ಮೊದಲ ಸ್ಟುಡಿಯೋ ಆಲ್ಬಂ ಅದು. ಅದರ ಎದುರಿಗೆ ಅಮೆರಿಕದ ಗಾಯಕ, ಗಿಟಾರ್ ವಾದಕ ಜಾಕ್ ವೈಟ್ ಅವರ 'ನೋ ನೇಮ್' ಇಟ್ಟೆ. ಇವೆರಡರ ಸ್ವಭಾವ ಇಷ್ಟು ದೂರ ಇರುವುದರಿಂದಲೇ ಜೋಡಿ ಕೆಲಸ ಮಾಡಿತು.

'ನೋ ನೇಮ್' ಹೊರಬಂದ ಬಗೆಯೇ ನನಗೆ ತುಂಬ ಇಷ್ಟ. ಜುಲೈ 19ರಂದು ವೈಟ್ ಅವರದೇ ಥರ್ಡ್ ಮ್ಯಾನ್ ರೆಕಾರ್ಡ್ಸ್ ಅಂಗಡಿಗಳಲ್ಲಿ ಏನಾದರೂ ಕೊಂಡವರ ಚೀಲಕ್ಕೆ ಬಿಳಿ ಕವರಿನ ಒಂದು ಎಲ್‌ಪಿ (ಗ್ರಾಮಫೋನ್ ತಟ್ಟೆ) ಸೇರಿಸಿ ಕಳಿಸಿದರು. ಕಲಾವಿದನ ಹೆಸರಿಲ್ಲ, ಹಾಡುಗಳ ಪಟ್ಟಿಯಿಲ್ಲ. ಮನೆಗೆ ಹೋಗಿ ಹಾಕಿ ಕೇಳಿದವರಿಗಷ್ಟೇ ಅದು ಏನೆಂದು ಗೊತ್ತಾಯಿತು. ಅದನ್ನು ಕಾಪಿ ಮಾಡಿ ಹಂಚಿ ಎಂದು ಕಂಪನಿಯೇ ಹುರಿದುಂಬಿಸಿತು; ಎರಡು ವಾರದ ಬಳಿಕವಷ್ಟೇ ಅಧಿಕೃತ ಬಿಡುಗಡೆ. ಸಂಗೀತವೂ ಅದೇ ಹುಮ್ಮಸ್ಸಿನದು. ಬ್ಲೂಸ್ ಬೇರಿನ ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ಪುಟ್ಟ ಸ್ವರಗುಚ್ಛ), ಒರಟು ಡ್ರಮ್ಸ್, ಚರ್ಚಿನ ಬೋಧಕರ ಧಾಟಿಯಲ್ಲಿ ಮಾತು ಸುರಿಸುವ ದನಿ. ಸ್ಪೀಕರಿನ ಸದ್ದು ಏರಿಸಿ ಕೇಳಿದರೆ ಮೈ ಸುಮ್ಮನಿರುವುದಿಲ್ಲ. ಹೆಡ್‌ಫೋನಿನಲ್ಲಿ ಮಾತ್ರ ಅದು ನನಗೆ ಅಷ್ಟು ಒಗ್ಗಲಿಲ್ಲ. ಹದಿಮೂರು ಹಾಡುಗಳಲ್ಲಿ ಎಂಟೊಂಬತ್ತು ದಾಟುವಾಗ, ಒಂದು ರಿಫ್ ಮುಗಿದು ಇನ್ನೊಂದು ಶುರುವಾದದ್ದು ತಿಳಿಯದಷ್ಟು ಕಿವಿ ಆ ಒತ್ತಡಕ್ಕೆ ಹೊಂದಿಕೊಂಡಿರುತ್ತದೆ.

ದಿ ಕ್ಯೂರ್ ಇದಕ್ಕೆ ತದ್ವಿರುದ್ಧ. ಮೊದಲ ಹಾಡಿನಲ್ಲಿ ತಂಡದ ಗಾಯಕ ರಾಬರ್ಟ್ ಸ್ಮಿತ್ ಬಾಯಿ ತೆರೆಯುವ ಹೊತ್ತಿಗೆ ಮೂರು ನಿಮಿಷ ಕಳೆದಿರುತ್ತದೆ. ಹತ್ತು ನಿಮಿಷದ ಕೊನೆಯ ಹಾಡಿನಲ್ಲಿ ಅವರ ದನಿಗಾಗಿ ಆರು ನಿಮಿಷಕ್ಕೂ ಹೆಚ್ಚು ಕಾಯಬೇಕು. ಎಂಟೇ ಹಾಡು, ಸುಮಾರು 49 ನಿಮಿಷ. ಈ ಕಾಯಿಸುವಿಕೆ ಎಲ್ಲರಿಗೂ ಸಹ್ಯವಾಗಲಿಕ್ಕಿಲ್ಲ. ನನಗೆ ಇಡೀ ಆಲ್ಬಮ್ಮಿನ ಬಲ ಇರುವುದು ಅಲ್ಲೇ. ಸೈಮನ್ ಗ್ಯಾಲಪ್ ಅವರ ದಪ್ಪನೆಯ ಬೇಸ್, ಅದರ ಮೇಲೆ ನಿಧಾನವಾಗಿ ಏರುವ ಸಿಂಥಸೈಜರ್, ಆಮೇಲೆ ಗಿಟಾರ್. ದನಿ ಬರುವಷ್ಟರಲ್ಲಿ ಅದು ಹೇಳಲಿರುವ ದುಃಖ ಆಗಲೇ ನಮ್ಮೊಳಗೆ ಇಳಿದಿರುತ್ತದೆ. ಆಗ ಅರವತ್ತೈದರಲ್ಲಿದ್ದ ಸ್ಮಿತ್ ಅವರ ದನಿಗೆ ವಯಸ್ಸಾಗದಿರುವುದು ನನಗಿನ್ನೂ ಸೋಜಿಗ. ಬ್ರಿಟನ್ನಿನಲ್ಲಿ 1992ರ ಬಳಿಕ ಅವರ ಆಲ್ಬಂ ಮೊದಲ ಸ್ಥಾನಕ್ಕೇರಿದ್ದು ಇದರಿಂದಲೇ. ಈ ಜೋಡಿಯಲ್ಲಿ ನನ್ನ ಮತ ದಿ ಕ್ಯೂರ್‌ಗೆ. ಪರ್ಲ್ ಜ್ಯಾಮ್‌ನ 'ಡಾರ್ಕ್ ಮ್ಯಾಟರ್', ಫಾಂಟೇನ್ಸ್ ಡಿ.ಸಿ.ಯ 'ರೊಮಾನ್ಸ್' ಕೂಡ ಖುಷಿ ಕೊಟ್ಟವು, ಆದರೆ ಇವೆರಡರಿಂದ ಬಿಡಿ ಹಾಡುಗಳು ನನ್ನ ಜೊತೆ ಉಳಿದವು, ಇಡೀ ಆಲ್ಬಂ ಉಳಿಯಲಿಲ್ಲ.

ಎರಡನೆಯ ಜೋಡಿಯೇ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು. ವಾಕ್ಸಹ್ಯಾಚಿ ಎಂಬ ಹೆಸರಿನಲ್ಲಿ ಹಾಡುವ ಅಲಬಾಮಾದ ಕೇಟಿ ಕ್ರಚ್‌ಫೀಲ್ಡ್ ಅವರ 'ಟೈಗರ್ಸ್ ಬ್ಲಡ್' ಮತ್ತು ನಾರ್ತ್ ಕ್ಯಾರೊಲಿನಾದ ಎಂ.ಜೆ. ಲೆಂಡರ್‌ಮನ್ ಅವರ 'ಮ್ಯಾನಿಂಗ್ ಫೈರ್‌ವರ್ಕ್ಸ್'. ಮೊದಲನೆಯದು ಮಾರ್ಚ್, ಎರಡನೆಯದು ಸೆಪ್ಟೆಂಬರ್. ಎರಡೂ ರಾಕ್ ಮತ್ತು ಕಂಟ್ರಿಯ ನಡುವಿನ ಗಡಿಯ ಮೇಲೇ ಮನೆ ಕಟ್ಟಿಕೊಂಡಿವೆ. ಇನ್ನೂ ಸ್ವಾರಸ್ಯವೆಂದರೆ ಎರಡರಲ್ಲೂ ಗಿಟಾರ್ ಹಿಡಿದ ಕೈ ಒಂದೇ, ಲೆಂಡರ್‌ಮನ್‌ದು.

ತನ್ನ ಆಲ್ಬಮ್ಮಿನಲ್ಲಿ ಆ ಗಿಟಾರ್ ಸೋರುತ್ತದೆ, ಕರಕರ ಎನ್ನುತ್ತದೆ, ಸೋಲೊ ಬಂದಾಗ ಶ್ರುತಿಯ ಅಂಚಿನವರೆಗೆ ಹೋಗಿ ನಿಲ್ಲುತ್ತದೆ. ಹಿಂದೆ ಪೆಡಲ್ ಸ್ಟೀಲ್ (ಮಲಗಿಸಿಟ್ಟು ನುಡಿಸುವ ಗಿಟಾರ್) ಎಳೆಯುವ ನಾದ ಅದನ್ನು ಕಂಟ್ರಿಯ ಕಡೆ ಜಗ್ಗುತ್ತಿರುತ್ತದೆ. ಹಾಡುಗಳಲ್ಲಿ ಬರುವ ಗಂಡಸರು ಜಂಬದವರು, ಒಂಟಿಗರು, ತಮ್ಮ ಸೋಲನ್ನು ವಾಚಿನಲ್ಲೋ ವಿಡಿಯೋ ಗೇಮಿನಲ್ಲೋ ಮುಚ್ಚಿಡಲು ನೋಡುವವರು. ಒಂದು ಸಾಲಿಗೆ ನಗು ಬರುತ್ತದೆ, ಮುಂದಿನ ಸಾಲಿಗೆ ಅದೇ ಮನುಷ್ಯನ ಬಗ್ಗೆ ಕನಿಕರ. ಅದೇ ಕೈ ಕ್ರಚ್‌ಫೀಲ್ಡ್ ಅವರ ಹಾಡಿನಲ್ಲಿ ಎಷ್ಟು ವಿನಯದಿಂದ ನುಡಿಸುತ್ತದೆ ಎಂಬುದನ್ನು ಬೆನ್ನುಬೆನ್ನಿಗೆ ಕೇಳಿದರೇ ತಿಳಿಯುವುದು. ಆಕೆಯ ಸಾಲು ಮುಗಿಯುವವರೆಗೆ ತಡೆದು, ಖಾಲಿ ಬಿಟ್ಟ ಜಾಗದಲ್ಲಿ ಎರಡು ಮೂರು ಸ್ವರ ಇಟ್ಟು ಹಿಂದೆ ಸರಿಯುತ್ತದೆ. ಇಬ್ಬರೂ ಸೇರಿ ಹಾಡಿದ 'ರೈಟ್ ಬ್ಯಾಕ್ ಟು ಇಟ್' ಹಾಡಿನಲ್ಲಿ ಬ್ಯಾಂಜೊ ಎಂಬ ತಂತಿವಾದ್ಯದ ತಾಳದ ಮೇಲೆ ಆಕೆಯ ಚೂಪು ದನಿ, ಅದರ ಕೆಳಗೆ ಅವರ ಸೋಮಾರಿ ದನಿ. ದೀರ್ಘಕಾಲದ ಸಂಬಂಧದಲ್ಲಿ ಆಗಾಗ ದೂರ ಸರಿದು ಮತ್ತೆ ಒಂದೇ ದಾರಿಗೆ ಬಂದು ಸೇರುವುದರ ಬಗ್ಗೆ ಇಷ್ಟು ಪ್ರಾಮಾಣಿಕವಾದ ಹಾಡು ಆ ವರ್ಷ ನಾನು ಬೇರೆ ಕೇಳಲಿಲ್ಲ.

ಆಯ್ಕೆ ಸುಲಭವಾಗಲಿಲ್ಲ. ಲೆಂಡರ್‌ಮನ್ ಸಾಹಿತ್ಯ ಹೆಚ್ಚು ಹರಿತ, ಅದರಲ್ಲಿ ಅನುಮಾನವಿಲ್ಲ. ಆದರೆ ಕೊನೆಯ ಹಾಡು ಹಾಡಾಗಿ ಮುಗಿದ ಮೇಲೂ ಅದರ ಬಾಲಕ್ಕೆ ಕಟ್ಟಿದ ಉದ್ದನೆಯ ಗುಂಯ್‌ಗುಡುವಿಕೆ ನಿಮಿಷಗಟ್ಟಲೆ ಸಾಗುತ್ತದೆ. ದಿ ಕ್ಯೂರ್‌ನ ದೀರ್ಘ ಆರಂಭಗಳು ಏನನ್ನೋ ಕಟ್ಟುತ್ತವೆ. ಇಲ್ಲಿನ ದೀರ್ಘ ಅಂತ್ಯ ಕಟ್ಟಿದ್ದನ್ನು ಕರಗಿಸುತ್ತದೆ ಎಂದು ನನಗನ್ನಿಸಿತು. 'ಟೈಗರ್ಸ್ ಬ್ಲಡ್' ಮುಗಿಯುವುದು ಸ್ಟುಡಿಯೋದಲ್ಲಿದ್ದವರೆಲ್ಲ ದನಿಗೂಡಿಸುವ ಶೀರ್ಷಿಕೆ ಹಾಡಿನಿಂದ. ಅದು ಮುಗಿದಾಗ ನಾನು ತಕ್ಷಣ ಮೊದಲ ಹಾಡಿಗೆ ಮರಳುತ್ತಿದ್ದೆ. ನನಗೆ ಅದೇ ಅಳತೆಗೋಲು.

ಅಪ್ಪಟ ಕಂಟ್ರಿಯ ಕಡೆ, ಬಿಯಾನ್ಸೆ ಅವರ 'ಕೌಬಾಯ್ ಕಾರ್ಟರ್' ಎದುರು ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್ ಅವರ 'ವುಡ್‌ಲ್ಯಾಂಡ್'. ಮೊದಲನೆಯದರ ಬಗ್ಗೆ ಹಗುರವಾಗಿ ಮಾತಾಡಲು ಯಾರಿಗೂ ಹಕ್ಕಿಲ್ಲ ಎಂದೇ ನನ್ನ ಭಾವನೆ. ಬ್ಯಾಂಜೊ ಆಫ್ರಿಕಾ ಮೂಲದವರ ಕೈಯಲ್ಲಿ ಹುಟ್ಟಿದ ವಾದ್ಯ. ಆದರೂ ಕಂಟ್ರಿ ಎಂದರೆ ಬಿಳಿಯರ ಸಂಗೀತ ಎಂಬ ಬೇಲಿ ಬಹುಕಾಲ ಗಟ್ಟಿಯಾಗಿತ್ತು. ಕಂಟ್ರಿಯ ಹೆಸರಾಂತ ಗ್ರ್ಯಾಂಡ್ ಓಲ್ ಆಪ್ರಿ ವೇದಿಕೆಯಲ್ಲಿ ಒಂಟಿಯಾಗಿ ಹಾಡಿದ ಮೊದಲ ಕಪ್ಪು ಮಹಿಳೆ ಲಿಂಡಾ ಮಾರ್ಟೆಲ್ ಅವರನ್ನು ಈ ಆಲ್ಬಮ್ಮಿಗೆ ಕರೆತಂದದ್ದು, ಕಪ್ಪು ಸಂಗೀತಗಾರ್ತಿ ರಿಯಾನನ್ ಗಿಡೆನ್ಸ್ ಕೈಗೆ ಬ್ಯಾಂಜೊ ಕೊಟ್ಟದ್ದು ಆ ಬೇಲಿಯನ್ನು ಕಿತ್ತ ಕೆಲಸ. ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ತನ್ನ ಪ್ರಶಸ್ತಿಗಳಿಗೆ ಇದಕ್ಕೆ ಒಂದೂ ನಾಮನಿರ್ದೇಶನ ಕೊಡಲಿಲ್ಲ. 2025ರ ಫೆಬ್ರವರಿಯಲ್ಲಿ ಗ್ರ್ಯಾಮಿಯವರು ವರ್ಷದ ಆಲ್ಬಂ, ಉತ್ತಮ ಕಂಟ್ರಿ ಆಲ್ಬಂ ಎರಡನ್ನೂ ಕೊಟ್ಟರು. ನನಗೆ ಸಂತೋಷವಾಯಿತು.

ಕೇಳುವ ಅನುಭವ ಮಾತ್ರ ಬೇರೆ ವಿಷಯ. 27 ಟ್ರ್ಯಾಕ್, ಸುಮಾರು 78 ನಿಮಿಷ, ನಡುನಡುವೆ ರೇಡಿಯೊ ಕಾರ್ಯಕ್ರಮದಂತಹ ಮಾತು. ಮೊದಲರ್ಧ ಭವ್ಯ. ಆಮೇಲೆ ಒಂದು ಶೈಲಿಯಿಂದ ಇನ್ನೊಂದಕ್ಕೆ ಜಿಗಿಯುವ ವೇಗದಲ್ಲಿ, ಒಳ್ಳೆಯ ಹಾಡಿಗೂ ನಿಂತು ಉಸಿರಾಡಲು ಜಾಗ ಸಿಗುವುದಿಲ್ಲ.

'ವುಡ್‌ಲ್ಯಾಂಡ್' ಎಂಬುದು ಈಸ್ಟ್ ನ್ಯಾಶ್‌ವಿಲ್‌ನಲ್ಲಿರುವ ವೆಲ್ಚ್-ರಾಲಿಂಗ್ಸ್ ಜೋಡಿಯ ಸ್ಟುಡಿಯೋದ ಹೆಸರು. 2020ರ ಮಾರ್ಚ್‌ನ ಸುಂಟರಗಾಳಿಗೆ ಅದರ ಚಾವಣಿ ಹಾರಿತು. ಮಳೆಯಲ್ಲಿ ತಮ್ಮ ಟೇಪುಗಳನ್ನೂ ವಾದ್ಯಗಳನ್ನೂ ಇಬ್ಬರೂ ಉಳಿಸಿಕೊಂಡರು. ಅಲ್ಲಿಂದ ಬಂದ ಹತ್ತು ಹಾಡುಗಳಿವು. ರಾಲಿಂಗ್ಸ್ ಅವರ 1935ರ ಎಪಿಫೋನ್ ಗಿಟಾರಿನ ಮೂಗಿನ ದನಿ ಒಂದು ಕಿವಿಯಲ್ಲಿ ಮೊದಲ ಸ್ವರ ಮೀಟಿದರೆ ಸಾಕು, ಯಾರು ನುಡಿಸುತ್ತಿದ್ದಾರೆಂದು ಗೊತ್ತಾಗುತ್ತದೆ. ಈ ಸಲ ಡ್ರಮ್ಸ್, ಪೆಡಲ್ ಸ್ಟೀಲ್, ತಂತಿವಾದ್ಯಗಳೂ ಇವೆ. ಆದರೂ ಯಾವುದೂ ಆ ಎರಡು ದನಿಗಳ ನಡುವೆ ತಲೆ ಹಾಕುವುದಿಲ್ಲ. ಜಾನಿ ಬ್ಲೂ ಸ್ಕೈಸ್ ಹೆಸರಿನಲ್ಲಿ ಕಂಟ್ರಿ ಗಾಯಕ ಸ್ಟರ್ಜಿಲ್ ಸಿಂಪ್ಸನ್ ತಂದ 'ಪಸಾಜ್ ದ್ಯು ದೆಸಿರ್' ಇದರ ಹತ್ತಿರಕ್ಕೆ ಬಂತು. ಎಂಟೇ ಹಾಡು, ಕೊನೆಯಲ್ಲಿ ಮೈಮರೆಸುವ ಗಿಟಾರ್. ನಡುವಿನ ಒಂದೆರಡು ಲಘು ಹಾಡುಗಳು ಅದರ ತೂಕ ಇಳಿಸಿದವು.

ಕೊನೆಗೆ ಗೆದ್ದವರಲ್ಲೇ ಎರಡನ್ನು ಎದುರುಬದುರು ಇಟ್ಟೆ: ದಿ ಕ್ಯೂರ್ ಮತ್ತು 'ವುಡ್‌ಲ್ಯಾಂಡ್'. ಎರಡರಲ್ಲೂ ಅಗಲಿದವರಿಗಾಗಿ ಒಂದೊಂದು ಹಾಡಿದೆ. ಸ್ಮಿತ್ ತೀರಿಹೋದ ತಮ್ಮ ಅಣ್ಣನಿಗಾಗಿ ಹಾಡುತ್ತಾರೆ. ಪಿಯಾನೊದ ಪುಟ್ಟ ಸ್ವರಗುಚ್ಛವೊಂದು ಮತ್ತೆ ಮತ್ತೆ ಬಂದು, ಅದರ ಸುತ್ತ ಇಡೀ ತಂಡ ಬಿರುಗಾಳಿಯಂತೆ ಏಳುತ್ತದೆ. ರಾಲಿಂಗ್ಸ್ ಹಾಡುವುದು ಹಿರಿಯ ಗೀತಕಾರ ಗೈ ಕ್ಲಾರ್ಕ್ ನೆನಪಿಗೆ. ಇವರಂಥ ಹಾಡುಗಾರರ ಹೆಸರು ಸುದ್ದಿಯಲ್ಲಿ ಓಡಾಡುವುದು ಅವರು ಸತ್ತ ದಿನವಷ್ಟೇ ಎಂಬ ನೋವನ್ನು ಅವರು ದನಿ ಏರಿಸದೆ ಹೇಳಿಬಿಡುತ್ತಾರೆ. ಸ್ಮಿತ್ ಹಾಡನ್ನು ಕೇಳಲು ನಾನು ಮನಸ್ಸನ್ನು ಸಿದ್ಧ ಮಾಡಿಕೊಳ್ಳಬೇಕು. ರಾಲಿಂಗ್ಸ್ ಹಾಡು ಬೇರೆ ಕೆಲಸದ ನಡುವೆ ಬಂದರೂ ಕೈ ನಿಲ್ಲುತ್ತದೆ. ಹಾಗಾಗಿ 2024ರ ನನ್ನ ಮೊದಲ ಸ್ಥಾನ 'ವುಡ್‌ಲ್ಯಾಂಡ್'ಗೆ, ಕೂದಲೆಳೆಯ ಅಂತರದಲ್ಲಿ.